ಪಾಪ್ಪಿ ಬೀಜದ ಬೇಕು ಬೇಡ



ದೀಪಾವಳಿ ಹತ್ತಿರ ಬಂತು. ಮಳೆ ಹಿಂದೆ ಸರಿಯುತ್ತಿದೆ. ಬೆಳಗಿನ ಗಾಳಿಗೆ ಸಣ್ಣಗೆ ಚಳಿ ಸೇರಿದೆ. ಮನೆ ಮುಂದೆ ನಾಲ್ಕು ಅಡಿ ಮಣ್ಣಿರುವವರು, ತಾರಸಿಯಲ್ಲಿ ನಾಲ್ಕು ಕುಂಡ ಇಟ್ಟವರು ಈಗ ಒಂದೇ ಯೋಚನೆಯಲ್ಲಿರುತ್ತಾರೆ. ಈ ಚಳಿಗಾಲಕ್ಕೆ ಯಾವ ಹೂ ಹಾಕೋಣ? ಸೇವಂತಿಗೆ, ಚೆಂಡುಹೂ, ಪೆಟೂನಿಯ ಎಲ್ಲರಿಗೂ ಪರಿಚಿತ. ನರ್ಸರಿಗೆ ಹೋದರೆ ಸಸಿ ಸಿಗುತ್ತದೆ. ತಂದು ನೆಟ್ಟರಾಯಿತು. ಇವತ್ತು ನಾನು ಹೇಳಹೊರಟ ಹೂವಿನ ಸಸಿ ನರ್ಸರಿಯಲ್ಲಿ ಅಪರೂಪ. ಕಂಡರೂ ತರಬೇಡಿ ಎಂದೇ ಹೇಳುತ್ತೇನೆ. ಅದನ್ನು ಬೀಜದಿಂದಲೇ ಎಬ್ಬಿಸಬೇಕು. ಆ ಹೂವೇ ಪಾಪ್ಪಿ.

ಪಾಪ್ಪಿ ನಮ್ಮ ಹವೆಗೆ ಆಗದು ಎಂಬ ದೂರು ತೋಟಪ್ರಿಯರ ನಡುವೆ ಬಹಳ ಹಳೆಯದು. ಬಿತ್ತಿದ ಬೀಜ ಮೊಳೆಯಲಿಲ್ಲ ಎನ್ನುತ್ತಾರೆ. ಮೊಳೆತದ್ದನ್ನು ಕಿತ್ತು ನೆಟ್ಟೆವು, ಮೂರೇ ದಿನಕ್ಕೆ ಒಣಗಿತು ಎನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಬದನೆ, ಟೊಮೆಟೊ ಸಸಿ ಎಬ್ಬಿಸುವ ಕ್ರಮ ನಮ್ಮ ಕೈಗೆ ರೂಢಿಯಾಗಿದೆ. ಬೀಜವನ್ನು ಮಣ್ಣಿನಲ್ಲಿ ಹೂಳುತ್ತೇವೆ. ಮೇಲೆ ಹುಲ್ಲು ಹೊದಿಸುತ್ತೇವೆ. ನಾಲ್ಕೆಲೆ ಬಂದಾಗ ಕಿತ್ತು ನಾಟಿ ಮಾಡುತ್ತೇವೆ. ಪಾಪ್ಪಿಯ ಬೀಜಕ್ಕೆ ಈ ಮೂರೂ ಆಗುವುದಿಲ್ಲ. ಅದಕ್ಕೆ ಬೆಳಕು ಬೇಕು. ಚಳಿ ಬೇಕು. ಹುಟ್ಟಿದ ಜಾಗದಲ್ಲೇ ಕೊನೆಯವರೆಗೆ ನಿಲ್ಲಲು ಬಿಡಬೇಕು. ಈ ಮೂರು ಬೇಕುಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಮುಂದೆ ನಾನು ಹೇಳುವ ಪ್ರತಿಯೊಂದು ಕೆಲಸವೂ ಇವುಗಳಿಂದಲೇ ಹುಟ್ಟಿದ್ದು.

ಮೊದಲು, ಯಾವ ಪಾಪ್ಪಿ? ಆ ಕುಲ ದೊಡ್ಡದು. ಅದರ ಒಂದು ಗಿಡವನ್ನು ನೀವೆಲ್ಲ ನೋಡಿಯೇ ಇದ್ದೀರಿ. ರಸ್ತೆ ಬದಿ, ಬೀಳು ಹೊಲ, ಕಲ್ಲುಗುಡ್ಡೆ, ಎಲ್ಲಿ ಬೇಕಾದರೂ ಇರುತ್ತದೆ. ಎಲೆಯ ಅಂಚಿಗೆಲ್ಲ ಮುಳ್ಳು. ನರದ ಗುಂಟ ಬಿಳಿ ಗೆರೆ. ತುದಿಯಲ್ಲಿ ಹಳದಿ ಹೂ. ದಂಟು ಮುರಿದರೆ ಹಳದಿ ಹಾಲು ಜಿನುಗುತ್ತದೆ. ಹಳ್ಳಿಗಳಲ್ಲಿ ಇದಕ್ಕೆ ದತ್ತೂರಿ ಎನ್ನುತ್ತಾರೆ. ಮೆಕ್ಸಿಕೊ ಕಡೆಯಿಂದ ಬಂದು ದೇಶವಿಡೀ ಹರಡಿದ ಕಳೆ ಇದು. ಇದರ ಬೀಜದ ಎಣ್ಣೆ ವಿಷ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಇದು ಬೆರೆತು, ಮೈ ಊದಿಕೊಂಡು ಹತ್ತಾರು ಜನ ಪ್ರಾಣ ಬಿಟ್ಟರು. ಇದು ತೋಟಕ್ಕೆ ಬೇಡವೇ ಬೇಡ. ಪಾಪ್ಪಿಯ ಬಂಧುಬಳಗ ನಮಗೆ ಹೊಸದಲ್ಲ ಎಂದು ತಿಳಿಸಲಷ್ಟೇ ಹೇಳಿದೆ.

ಇನ್ನೊಂದು ಬಂಧು ನಮ್ಮ ಅಡುಗೆಮನೆಯಲ್ಲೇ ಇದೆ. ಅದು ಗಸಗಸೆ. ಹಬ್ಬಕ್ಕೆ ಪಾಯಸ ಮಾಡುತ್ತೇವಲ್ಲ, ಆ ಕಾಳು ಅಫೀಮು ಗಿಡದ ಬೀಜ. ಈ ವಿಷಯವನ್ನು ನಾನು ಬೇಗ ದಾಟಿ ಹೋಗಲಾರೆ. ದಯವಿಟ್ಟು ಕಿವಿಗೊಟ್ಟು ಕೇಳಿ. ಗಸಗಸೆ ಕೊಳ್ಳಬಹುದು, ಅರೆಯಬಹುದು, ಉಣ್ಣಬಹುದು. ಬಿತ್ತುವಂತಿಲ್ಲ. 1985ರ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತು ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಅಫೀಮು ಗಿಡ ಬೆಳೆಯುವುದು ಅಪರಾಧ. ಅಂದಕ್ಕಾಗಿ ಬೆಳೆದೆ, ಒಂದೇ ಕುಂಡದಲ್ಲಿತ್ತು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ವರ್ಷಗಟ್ಟಲೆ ಜೈಲಾಗಬಹುದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಾತ್ರ ಸರ್ಕಾರದ ಪರವಾನಗಿ ಪಡೆದ ರೈತರು ಇದನ್ನು ಬೆಳೆಯುತ್ತಾರೆ. ಕೇಂದ್ರ ಮಾದಕ ವಸ್ತು ಕಚೇರಿ ಗ್ವಾಲಿಯರ್‌ನಲ್ಲಿದೆ. ಪರವಾನಗಿ, ಅಳತೆ, ತಪಾಸಣೆ ಎಲ್ಲ ಅವರದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಅನೇಕರ ಮಕ್ಕಳು, ನೆಂಟರು ಹೊರದೇಶದಲ್ಲಿದ್ದಾರೆ. ರಜೆಗೆ ಬರುವಾಗ ಅಲ್ಲಿಯ ಹೂಬೀಜದ ಪೊಟ್ಟಣ ತರುವ ಆಸೆ ಅವರಿಗೆ. ಇಂಗ್ಲೆಂಡಿನಲ್ಲಿ ಅಫೀಮು ಗಿಡವನ್ನೇ ಅಂದದ ಹೂವಾಗಿ ಮನೆಯಂಗಳದಲ್ಲಿ ಬೆಳೆಯಲು ಅಡ್ಡಿಯಿಲ್ಲ. ಅಲ್ಲಿ ಅದು ಪಿಯೊನಿ ಪಾಪ್ಪಿ, ಬ್ರೆಡ್‌ಸೀಡ್ ಪಾಪ್ಪಿ ಎಂಬ ಮುದ್ದು ಹೆಸರಲ್ಲಿ ಮಾರಾಟವಾಗುತ್ತದೆ. ಪೊಟ್ಟಣದ ಮೇಲೆ ಸಸ್ಯಶಾಸ್ತ್ರದ ಹೆಸರು ಹುಡುಕಿ. ಪಪಾವರ್ ಸಾಮ್ನಿಫೆರಮ್ ಎಂದಿದ್ದರೆ ಅದು ಅಫೀಮು ಗಿಡ. ಬಿತ್ತಬೇಡಿ. ಹೊರದೇಶದಿಂದ ಬೀಜ ತರುವುದಕ್ಕೇ ಸಸ್ಯ ಕ್ವಾರಂಟೈನ್ ನಿಯಮಗಳು ಬೇರೆ ಇವೆ. ನಮ್ಮಲ್ಲಿಯ ಬೀಜದಂಗಡಿಯಲ್ಲಿ ಹೆಸರು ನಮೂದಿಸಿದ ಪೊಟ್ಟಣ ಕೊಳ್ಳುವುದೇ ಲೇಸು.

ಗಿಡ ಬಂದ ಮೇಲೂ ಗುರುತು ಹಿಡಿಯಬಹುದು. ಅಫೀಮು ಗಿಡದ ಎಲೆ ಅಗಲ, ನುಣುಪು, ಮೇಲೆ ಬೂದುಬಣ್ಣದ ಮೇಣ. ಎಲೆಯ ಬುಡ ದಂಟನ್ನು ಸುತ್ತಿ ಅಪ್ಪಿರುತ್ತದೆ. ನಾವು ಬೆಳೆಯಬಹುದಾದ ಪಾಪ್ಪಿ ಹಾಗಿರುವುದಿಲ್ಲ.

ಹಾಗಾದರೆ ಯಾವುದು? ಗಸಗಸೆ ಬೇಡ, ದತ್ತೂರಿ ಬೇಡ ಎಂದಾಯಿತು. ಬೇಕಾದದ್ದು ಎರಡು. ಒಂದು ಶರ್ಲಿ ಪಾಪ್ಪಿ. ಯುರೋಪಿನ ಗೋಧಿ ಹೊಲಗಳಲ್ಲಿ ಕಳೆಯಾಗಿ ಬೆಳೆಯುವ ಕೆಂಪು ಪಾಪ್ಪಿಯಿಂದ ಆರಿಸಿ ತೆಗೆದ ತಳಿ. ಎಲೆ ಆಳವಾಗಿ ಸೀಳಿರುತ್ತದೆ. ದಂಟಿನ ಮೇಲೆ ಒರಟು ರೋಮ. ಎರಡಡಿ ಎತ್ತರ. ಇನ್ನೊಂದು ಕ್ಯಾಲಿಫೋರ್ನಿಯಾ ಪಾಪ್ಪಿ. ಇದರ ಎಲೆ ದಾರದಷ್ಟು ಸಣ್ಣಗೆ ಸೀಳಿ, ಬೂದು ಹಸಿರಾಗಿರುತ್ತದೆ. ಗಿಡ ಒಂದಡಿ. ಹೂ ಕಿತ್ತಳೆ ಅಥವಾ ಹಳದಿ. 1816ರಲ್ಲಿ ರೂರಿಕ್ ಎಂಬ ರಷ್ಯನ್ ಹಡಗು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೆ ಬಂದಿತ್ತು. ಅದರಲ್ಲಿದ್ದ ಶಮಿಸ್ಸೊ ಎಂಬ ಸಸ್ಯಜ್ಞ ಈ ಹೂವನ್ನು ಕಂಡು, ಜೊತೆಗಾರ ಎಶ್‌ಶೋಲ್ಟ್ಸ್ ಎಂಬ ವೈದ್ಯನ ಹೆಸರನ್ನು ಅದಕ್ಕೆ ಇಟ್ಟ. 1903ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಅದನ್ನು ತನ್ನ ರಾಜ್ಯಪುಷ್ಪ ಮಾಡಿಕೊಂಡಿತು. ಮೊದಲ ಸಲ ಕೈಹಾಕುವವರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಬೀಜ ತುಸು ದಪ್ಪ. ಬಿಸಿಲನ್ನೂ ಒಣ ಮಣ್ಣನ್ನೂ ತಾಳುತ್ತದೆ.

ಐಸ್‌ಲ್ಯಾಂಡ್ ಪಾಪ್ಪಿ ಎಂಬುದೂ ಅಂಗಡಿಯಲ್ಲಿ ಸಿಗುತ್ತದೆ. ಅದು ಉತ್ತರ ಏಷ್ಯಾದ ಶೀತಪ್ರದೇಶದ ಗಿಡ. ಮಡಿಕೇರಿಯಂಥ ತಂಪಿನ ಊರಿನವರು ಪ್ರಯತ್ನಿಸಬಹುದು. ಬಯಲುಸೀಮೆಯವರಿಗೆ ಬೇಡ. ಓರಿಯೆಂಟಲ್ ಪಾಪ್ಪಿಗೆ ಹಿಮ ಬೀಳುವ ಚಳಿಗಾಲ ಬೇಕು. ಅದನ್ನು ಬಿಟ್ಟೇಬಿಡೋಣ.

ಶರ್ಲಿ, ಕ್ಯಾಲಿಫೋರ್ನಿಯಾ, ಈ ಎರಡನ್ನು ಆರಿಸಿಕೊಂಡೆವು. ಇನ್ನು ಬೀಜದ ಸ್ವಭಾವಕ್ಕೆ ಬರೋಣ. ನಾನು ಹೆಚ್ಚಾಗಿ ಶರ್ಲಿಯ ಮಾತನ್ನೇ ಆಡುತ್ತೇನೆ. ಏಕೆಂದರೆ ಜನ ಸೋಲುವುದು ಅದರಲ್ಲೇ.

ಶರ್ಲಿ ಪಾಪ್ಪಿಯ ಬೀಜ ಗಸಗಸೆಗಿಂತಲೂ ಸಣ್ಣ. ಒಂದು ಗ್ರಾಂ ತೂಕಕ್ಕೆ ಸಾವಿರಾರು ಬೀಜ. ಅಂಗೈಯಲ್ಲಿ ಹಾಕಿಕೊಂಡರೆ ಉಸಿರು ಬಿಟ್ಟಷ್ಟಕ್ಕೆ ಹಾರಿಹೋಗುತ್ತದೆ. ಇಷ್ಟು ಸಣ್ಣ ಬೀಜದೊಳಗೆ ಬುತ್ತಿ ಎಷ್ಟಿರಲು ಸಾಧ್ಯ? ಒಂದಂಗುಲ ಮಣ್ಣಿನಡಿ ಮೊಳೆತರೆ ಮೇಲೆ ಬರುವುದರೊಳಗೆ ಬುತ್ತಿ ಮುಗಿಯುತ್ತದೆ. ಆದ್ದರಿಂದ ಅದು ಕತ್ತಲಲ್ಲಿ ಮೊಳೆಯುವ ಗೋಜಿಗೇ ಹೋಗುವುದಿಲ್ಲ. ಬೆಳಕು ತಾಗುವವರೆಗೆ ಮಲಗಿಯೇ ಇರುತ್ತದೆ. ಹಲವು ದಶಕ ಬೇಕಾದರೂ ಮಲಗಿರುತ್ತದೆ.

ಇದಕ್ಕೆ ಲೋಕವೇ ಕಂಡ ಒಂದು ಸಾಕ್ಷಿ ಇದೆ. ಮೊದಲ ಮಹಾಯುದ್ಧ, 1914ರಿಂದ 18. ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನ ಹೊಲಗಳಲ್ಲಿ ಕಂದಕ ತೋಡಿದರು. ಫಿರಂಗಿ ಗುಂಡುಗಳು ನೆಲವನ್ನು ಅಗೆದು ಬುಡಮೇಲು ಮಾಡಿದವು. ಆಳದಲ್ಲಿ ಮಲಗಿದ್ದ ಪಾಪ್ಪಿ ಬೀಜ ಬೆಳಕಿಗೆ ಬಂತು. ಬೇಸಗೆಯಲ್ಲಿ ಆ ಹಾಳು ಹೊಲಗಳು, ಹೊಸ ಗೋರಿಗಳ ಸುತ್ತಲಿನ ಮಣ್ಣು, ಎಲ್ಲ ಕೆಂಪಾದವು. ಯಾರೂ ಬಿತ್ತಿರಲಿಲ್ಲ. ಸತ್ತ ಸೈನಿಕರ ನೆನಪಿಗೆ ಬ್ರಿಟನ್ನಿನ ಜನ 1921ರಿಂದ ಪ್ರತಿ ನವೆಂಬರಿನಲ್ಲಿ ಎದೆಗೆ ಕೆಂಪು ಪಾಪ್ಪಿ ಸಿಕ್ಕಿಸಿಕೊಳ್ಳುವುದು ಈ ಕಾರಣಕ್ಕೆ. ನಮ್ಮ ಮಡಿಯಲ್ಲಿ ನಾವು ಮಾಡಬೇಕಾದದ್ದೂ ಇಷ್ಟೇ. ಮಣ್ಣು ಕೆದಕಿ ಹಸನು ಮಾಡಬೇಕು. ಬೀಜವನ್ನು ಅದರ ಮೇಲೆ, ಬೆಳಕಿನಲ್ಲಿ ಬಿಡಬೇಕು. ಹೂಳಬಾರದು.

ಬೆಳಕಿನ ಮಾತಾಯಿತು. ಇನ್ನು ಚಳಿ. ಯಾವಾಗ ಬಿತ್ತಬೇಕು?

ಇಂಗ್ಲಿಷ್ ತೋಟಗಾರಿಕೆ ಪುಸ್ತಕಗಳಲ್ಲಿ ಮಾರ್ಚ್, ಏಪ್ರಿಲ್ ಎಂದು ಬರೆದಿರುತ್ತದೆ. ಅದು ಅಲ್ಲಿಯ ವಸಂತ. ನಮಗೆ ಅದು ಬೆಂಕಿಯ ಕಾಲ. ನಮ್ಮಲ್ಲಿ ಬಿತ್ತನೆ ಸ್ವಾತಿ ಮಳೆ ಮುಗಿಯುತ್ತ, ವಿಶಾಖೆ ಕಾಲಿಡುವ ಹೊತ್ತಿಗೆ. ಅಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ. ರಾತ್ರಿ ಹೊದಿಕೆ ಬೇಕೆನಿಸಿದರೆ ಪಾಪ್ಪಿಗೂ ಹೊತ್ತು ಬಂದಿದೆ ಎಂದು ತಿಳಿಯಿರಿ. ರಾತ್ರಿಯ ಉಷ್ಣತೆ 20 ಡಿಗ್ರಿಗಿಂತ ಕೆಳಗಿಳಿಯಬೇಕು. ಆಗ ಬಿತ್ತಿದರೆ ಎರಡು ತಿಂಗಳು ಕಳೆದು, ಲಾಲ್‌ಬಾಗಿನಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೆಯುವ ಹೊತ್ತಿಗೆ ನಿಮ್ಮ ಮಡಿಯೂ ಹೂವಿಗೆ ಬರುತ್ತದೆ. ಫೆಬ್ರವರಿ ಪೂರ್ತಿ ನಡೆಯುತ್ತದೆ. ಶಿವರಾತ್ರಿ ಕಳೆದು ಬಿಸಿಲು ಏರಿದರೆ ಗಿಡ ಹಳದಿಯಾಗಿ ಮುಗಿಯುತ್ತದೆ. ಡಿಸೆಂಬರಿನಲ್ಲಿ ಬಿತ್ತಿದವರ ಗಿಡ ಬೆಳೆದು ನಿಲ್ಲುವಷ್ಟರಲ್ಲಿ ಬಿಸಿಲು ಬಂದುಬಿಡುತ್ತದೆ. ಕುಳ್ಳಗೆ ಉಳಿದು, ನಾಲ್ಕು ಹೂ ಬಿಟ್ಟು ಒಣಗುತ್ತದೆ.

ಬೆಂಗಳೂರು, ಕೋಲಾರ, ಹಾಸನ, ಚಿಕ್ಕಮಗಳೂರು, ಮೈಸೂರು, ಧಾರವಾಡ, ಬೆಳಗಾವಿ, ಬೀದರ್, ಈ ಊರುಗಳ ಚಳಿ ಪಾಪ್ಪಿಗೆ ಹೊಂದುತ್ತದೆ. ಕಲಬುರಗಿ, ರಾಯಚೂರಿನ ಕಡೆಯವರು ಬಿತ್ತನೆಯನ್ನು ನವೆಂಬರ್ ನಡು ದಾಟಿಸಲೇಬಾರದು. ಅಲ್ಲಿ ಬಿಸಿಲು ಬೇಗ ಬರುತ್ತದೆ. ಕರಾವಳಿಯ ಕೇಳುಗರಿಗೆ ಸುಳ್ಳು ಭರವಸೆ ಕೊಡಲಾರೆ. ಮಂಗಳೂರು, ಉಡುಪಿ, ಕಾರವಾರದ ಸೆಕೆ ಇದಕ್ಕೆ ಆಗುವುದಿಲ್ಲ. ಬೆಳೆಯಲೇಬೇಕೆಂದರೆ ಕ್ಯಾಲಿಫೋರ್ನಿಯಾ ಪಾಪ್ಪಿಯನ್ನು ಡಿಸೆಂಬರ್ ಮೊದಲಲ್ಲಿ ಕುಂಡದಲ್ಲಿ ಹಾಕಿ ನೋಡಿ.

ಬೆಳಕು ಏಕೆ ಬೇಕು ಎಂದು ಕಂಡೆವು, ಕಾಲ ಯಾವುದೆಂದು ಕಂಡೆವು. ಇನ್ನು ಮಣ್ಣಿಗೆ ಕೈಹಾಕೋಣ.

ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ಜಾಗ ಆರಿಸಿ. ಮರದ ನೆರಳು ಬೇಡ. ಮಣ್ಣನ್ನು ಒಂದು ಗೇಣು ಆಳ ಅಗೆದು ಹೆಂಟೆ ಒಡೆಯಿರಿ. ಕೆಮ್ಮಣ್ಣಾದರೆ ಒಂದಿಷ್ಟು ಹಳೆಯ ಕೊಟ್ಟಿಗೆ ಗೊಬ್ಬರ ಸಾಕು. ಎರೆಮಣ್ಣಾದರೆ ಮರಳು ಧಾರಾಳವಾಗಿ ಬೆರೆಸಿ, ಮಡಿಯನ್ನು ನಾಲ್ಕು ಬೆರಳು ಎತ್ತರಿಸಿ. ನೀರು ನಿಂತರೆ ಪಾಪ್ಪಿಯ ಬುಡ ಕೊಳೆಯುತ್ತದೆ. ಗೊಬ್ಬರದ ವಿಷಯದಲ್ಲಿ ನಮ್ಮ ಕೈ ಸ್ವಲ್ಪ ದೊಡ್ಡದು. ಇಲ್ಲಿ ಹಿಡಿತ ಬೇಕು. ಬಡ ನೆಲದಲ್ಲಿ ಬದುಕಿ ಬಂದ ಗಿಡ ಇದು. ಯೂರಿಯಾ ಸುರಿದರೆ ಎಲೆ ಸೊಂಪಾಗಿ ಬಂದು, ದಂಟು ಮೆತ್ತಗಾಗಿ, ಹೂ ಬಿಡುವ ಹೊತ್ತಿಗೆ ಗಿಡ ಮಗುಚಿ ಬೀಳುತ್ತದೆ. ಕುಂಡವಾದರೆ ಹನ್ನೆರಡು ಅಂಗುಲ ಆಳದ್ದು ಬೇಕು. ಪಾಪ್ಪಿ ನೆಟ್ಟಗೆ ಕೆಳಗಿಳಿಯುವ ತಾಯಿಬೇರಿನ ಗಿಡ.

ಬಿತ್ತುವ ಮುನ್ನ ಮಡಿಗೆ ನೀರು ಕೊಡಿ. ಮಣ್ಣು ಕುಡಿದು, ಮೇಲ್ಮೈ ಆರಿ, ಒದ್ದೆ ಮಾತ್ರ ಇರಬೇಕು. ಈಗ ಬೀಜ. ಎರಡು ಬೆರಳಿಗೆ ಸಿಕ್ಕುವ ಚಿಟಿಕೆ ಬೀಜ ಹತ್ತು ಚದರಡಿಗೆ ಹೆಚ್ಚೇ ಆಯಿತು. ಅದನ್ನು ಹಾಗೆಯೇ ಎರಚಿದರೆ ಒಂದು ಕಡೆ ರಾಶಿ, ಇನ್ನೊಂದು ಕಡೆ ಬರಿದು. ಒಂದು ಲೋಟ ಒಣಗಿದ ಸಣ್ಣ ಮರಳು ತೆಗೆದುಕೊಳ್ಳಿ. ಜರಡಿ ಹಿಡಿದದ್ದಾದರೆ ಒಳ್ಳೆಯದು. ಬೀಜವನ್ನು ಅದಕ್ಕೆ ಬೆರೆಸಿ ಚೆನ್ನಾಗಿ ಕಲಸಿ. ಇನ್ನು ಅದನ್ನು ಬಿಡುವ ರೀತಿ ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಅಂಗಳದಲ್ಲಿ ರಂಗೋಲಿ ಹುಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹೇಗೆ ಬಿಡುತ್ತೀರೋ ಹಾಗೆ. ಕೈ ನೆಲಕ್ಕೆ ಹತ್ತಿರವಿರಲಿ. ಎಳೆಯಾಗಿ, ಒಂದೇ ಸಮನೆ ಬೀಳಲಿ. ಗೇಣಿಗೊಂದು ಸಾಲು ಎಳೆಯಿರಿ. ಮರಳು ಬಿಳಿಯಾಗಿದ್ದರೆ ಎಲ್ಲಿ ಬಿತ್ತಿದ್ದೀರಿ ಎಂಬುದೂ ಕಾಣುತ್ತದೆ. ಸಾಲಾಗಿ ಬಿತ್ತುವುದರಿಂದ ಇನ್ನೊಂದು ಪ್ರಯೋಜನ: ಕಳೆ ಯಾವುದು, ಪಾಪ್ಪಿ ಯಾವುದು ಎಂದು ಮುಂದೆ ತಿಳಿಯುತ್ತದೆ.

ಬಿತ್ತಿದ ಮೇಲೆ ಮಣ್ಣು ಮುಚ್ಚಬೇಡಿ. ಒಂದು ಹಲಗೆಯಿಂದ ಮೆಲ್ಲಗೆ ಒತ್ತಿ. ಬೀಜ ಮಣ್ಣಿಗೆ ಅಂಟಿಕೊಂಡರೆ ಸಾಕು. ಕ್ಯಾಲಿಫೋರ್ನಿಯಾ ಪಾಪ್ಪಿಗೆ ಮಾತ್ರ ಕಾಳು ಮರೆಯಾಗುವಷ್ಟು ತೆಳುವಾಗಿ ಮರಳು ಉದುರಿಸಬಹುದು. ಸುತ್ತ ಇರುವೆ ಸಾಲು ಇದೆಯೇ ನೋಡಿ. ಇರುವೆಗಳು ಈ ಬೀಜವನ್ನು ಹೊತ್ತೊಯ್ಯುತ್ತವೆ. ಮಡಿಯ ಅಂಚಿಗೆ ಬೇವಿನ ಹಿಂಡಿ ಹಾಕುವವರಿದ್ದಾರೆ. ಹಾಕಿ.

ನೀರಿನ ಬಗ್ಗೆ ಒಂದು ಮಾತು. ಚೊಂಬಿನಿಂದ ಸುರಿಯಬಾರದು, ಪೈಪು ಬಿಡಬಾರದು. ಬೀಜವೆಲ್ಲ ತೇಲಿ ಮೂಲೆ ಸೇರುತ್ತದೆ. ತುಂತುರು ಸಿಂಪಡಿಸುವ ಕೈಪಂಪು ಬಳಸಿ. ಬೆಳಿಗ್ಗೆ ಒಮ್ಮೆ, ಒಣಗಿದ್ದರೆ ಸಂಜೆ ಒಮ್ಮೆ. ನವೆಂಬರಿನಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು ಎರಡು ದಿನ ಜಡಿಮಳೆ ಹಿಡಿಯುವುದುಂಟು. ಆ ಸೂಚನೆ ಬಂದರೆ ಮಡಿಯ ಮೇಲೆ ನಾಲ್ಕು ಕೋಲು ನೆಟ್ಟು ಹಳೆಯ ಪ್ಲಾಸ್ಟಿಕ್ ಹಾಳೆ ಕಟ್ಟಿ. ಮಳೆ ನಿಂತ ಕೂಡಲೇ ಬಿಚ್ಚಿಬಿಡಿ.

ಹತ್ತು ದಿನ ಏನೂ ಕಾಣುವುದಿಲ್ಲ. ಧೈರ್ಯಗೆಡಬೇಡಿ. ಹತ್ತರಿಂದ ಇಪ್ಪತ್ತು ದಿನದೊಳಗೆ ಸಾಲಿನ ಗುಂಟ ಹಸಿರು ನೂಲು ಕಾಣುತ್ತದೆ. ಎರಡೆರಡು ಕೂದಲೆಳೆಯಂಥ ಎಲೆ. ಬಗ್ಗಿ ನೋಡಿದರೆ ಮಾತ್ರ ಕಾಣುವಂಥದ್ದು.

ಇಲ್ಲಿಯವರೆಗೆ ಬೆಳಕು, ಚಳಿ ಎರಡನ್ನೂ ಕೊಟ್ಟೆವು. ಮೂರನೆಯ ಬೇಕು ಉಳಿದಿದೆ: ಹುಟ್ಟಿದ ಜಾಗ. ನನ್ನ ಪ್ರಕಾರ ಪಾಪ್ಪಿ ಬೆಳೆಯುವ ಇಡೀ ಕೆಲಸದಲ್ಲಿ ಕಷ್ಟದ್ದು ಇದೇ. ಕೈಗೆ ಕಷ್ಟವಲ್ಲ, ಮನಸ್ಸಿಗೆ ಕಷ್ಟ.

ಸಸಿಗಳು ಒತ್ತೊತ್ತಾಗಿ ಬಂದಿರುತ್ತವೆ. ನಾಲ್ಕೈದು ಎಲೆಯಾದಾಗ ಹೆಚ್ಚಿನವನ್ನು ಕೀಳಬೇಕು. ಕೊನೆಗೆ ಗೇಣಿಗೊಂದು ಗಿಡ ಉಳಿಯಬೇಕು. ಅಂದರೆ ಹುಟ್ಟಿದವುಗಳಲ್ಲಿ ಹತ್ತಕ್ಕೆ ಒಂಬತ್ತು ಹೋಗಬೇಕು. ನಮ್ಮ ಮನೆಗಳಲ್ಲಿ ಇದಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ. ಜೀವ ಇರುವ ಸಸಿ, ಎಸೆಯುವುದೇ? ಪಕ್ಕದ ಮನೆಯವರಿಗಾದರೂ ಕೊಡೋಣ, ಇನ್ನೊಂದು ಕುಂಡದಲ್ಲಿ ನೆಡೋಣ ಎನ್ನಿಸುತ್ತದೆ. ಒಳ್ಳೆಯ ಮನಸ್ಸು ಅದು. ಆದರೆ ಪಾಪ್ಪಿಯ ಬೇರು ಅದನ್ನು ಒಪ್ಪುವುದಿಲ್ಲ. ಸಸಿಯ ಮೇಲ್ಭಾಗ ಒಂದಂಗುಲ ಇರುವಾಗಲೇ ತಾಯಿಬೇರು ಅದಕ್ಕಿಂತ ಆಳಕ್ಕೆ ಇಳಿದಿರುತ್ತದೆ. ಕವಲುಬೇರು ಕಡಿಮೆ. ಕಿತ್ತಾಗ ಆ ಬೇರಿನ ತುದಿ ತುಂಡಾಗುತ್ತದೆ. ಅಲ್ಲಿಗೆ ಗಿಡದ ಕಥೆ ಮುಗಿಯಿತು. ಬದುಕಿದರೂ ಕುಂಟುತ್ತದೆ. ಕೀಳದೆ ಬಿಟ್ಟರೆ ಇನ್ನೂ ಕೇಡು. ಎಲ್ಲವೂ ಒಂದಕ್ಕೊಂದು ಆತು, ಬಡಕಲಾಗಿ, ಒಂದೊಂದು ಬೊಟ್ಟು ಹೂ ಬಿಟ್ಟು ಸಾಯುತ್ತವೆ.

ಎರಡು ಕಂತಿನಲ್ಲಿ ಮಾಡಿ. ಮೊದಲು ಎರಡು ಬೆರಳಿಗೊಂದು ಬಿಡಿ. ಎರಡು ವಾರದ ಮೇಲೆ ಗೇಣಿಗೊಂದು. ಕೀಳುವಾಗ ಉಳಿಯುವ ಸಸಿಯ ಬುಡವನ್ನು ಇನ್ನೊಂದು ಕೈಯ ಬೆರಳಿನಿಂದ ಒತ್ತಿ ಹಿಡಿದುಕೊಳ್ಳಿ. ಕೀಳಲು ಭಯವಾದರೆ ಸಣ್ಣ ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ನೆರೆಯವರಿಗೆ ಕೊಡಬೇಕೆಂದರೆ ಬೀಜ ಕೊಡಿ. ಅದು ಬೇಕಾದಷ್ಟು ಸಿಗುತ್ತದೆ, ಮುಂದೆ ಹೇಳುತ್ತೇನೆ.

ಆಮೇಲೆ ಹೆಚ್ಚು ಕೆಲಸವಿಲ್ಲ. ವಾರಕ್ಕೆ ಎರಡು ಸಲ ಬುಡಕ್ಕೆ ನೀರು. ಕಳೆ ತೆಗೆಯುವುದು. ಮೊಗ್ಗಿನ ಕತ್ತಿನಲ್ಲಿ ಕಪ್ಪು ಹೇನು ಕೂತರೆ ನೀರಿನ ತುಂತುರಿನಿಂದ ಉದುರಿಸುವುದು, ಬಗ್ಗದಿದ್ದರೆ ಬೇವಿನೆಣ್ಣೆ.

ಈಗ ಹೂವಿನ ಬಳಿಗೆ ಬಂದೆವು. ರೇಡಿಯೊದಲ್ಲಿ ತೋರಿಸಲು ಆಗದು. ಕಣ್ಣು ಮುಚ್ಚಿ ಕೇಳಿ.

ಮೊಗ್ಗು ತಲೆ ಬಗ್ಗಿಸಿಕೊಂಡಿರುತ್ತದೆ. ದಂಟು ಮೇಲೆ ಬಂದು, ತುದಿಯಲ್ಲಿ ಕೊಕ್ಕೆಯಾಗಿ ಬಾಗಿ, ಮೊಗ್ಗು ನೆಲ ನೋಡುತ್ತಿರುತ್ತದೆ. ಮೊದಲ ಸಲ ನೋಡುವವರು ಗಿಡ ಬಾಡಿತೆಂದು ನೀರು ಹೊಯ್ಯುತ್ತಾರೆ. ಬಾಡಿಲ್ಲ. ಅರಳುವ ಹಿಂದಿನ ದಿನ ಆ ಕೊಕ್ಕೆ ನೆಟ್ಟಗಾಗುತ್ತದೆ. ಮೊಗ್ಗು ತಲೆಯೆತ್ತುತ್ತದೆ. ಅದಕ್ಕೆ ಎರಡು ಹಸಿರು ಹೊದಿಕೆ, ಮೇಲೆಲ್ಲ ರೋಮ. ಬೆಳಗಿನ ಜಾವ ಆ ಎರಡರ ನಡುವೆ ಬಿರುಕು ಮೂಡುತ್ತದೆ. ಬಿರುಕಿನಲ್ಲಿ ಬಣ್ಣ ಇಣುಕುತ್ತದೆ. ಒಳಗಿರುವ ನಾಲ್ಕು ಎಸಳುಗಳಿಗೆ ಆ ಮೊಗ್ಗಿನಲ್ಲಿ ಜಾಗ ಸಾಲದು. ಸುಕ್ಕುಸುಕ್ಕಾಗಿ, ಹೇಗೆಂದರೆ ಹಾಗೆ ಮಡಚಿ ಕೂತಿರುತ್ತವೆ. ಎಸಳು ಹಿಗ್ಗುತ್ತ ಹೊದಿಕೆಯನ್ನು ತಳ್ಳುತ್ತದೆ. ಹೊದಿಕೆ ಎರಡೂ ಕಳಚಿ ನೆಲಕ್ಕೆ ಬೀಳುತ್ತವೆ. ಬಿಸಿಲೇರುವಷ್ಟರಲ್ಲಿ ಸುಕ್ಕು ಬಿಡಿಸಿಕೊಂಡು ಹೂ ಮೂರು ಅಂಗುಲ ಅಗಲಕ್ಕೆ ಹರಡಿಕೊಳ್ಳುತ್ತದೆ. ಎಸಳು ಎಷ್ಟು ತೆಳುವೆಂದರೆ ಬಿಸಿಲು ಅದನ್ನು ತೂರಿ ಬರುತ್ತದೆ. ಮುಟ್ಟಿದರೆ ಬೆರಳಿಗೆ ಮುಟ್ಟಿದ್ದೇ ತಿಳಿಯುವುದಿಲ್ಲ.

ಪಾಪ್ಪಿಯಲ್ಲಿ ಮಕರಂದ ಇಲ್ಲ. ಆದರೂ ಜೇನ್ನೊಣ ಮುಗಿಬೀಳುತ್ತದೆ. ಅದಕ್ಕೆ ಬೇಕಾದದ್ದು ಪರಾಗ. ಬೆಳಿಗ್ಗೆ ಎಂಟರ ಹೊತ್ತಿಗೆ ಹೂವಿನ ಪಕ್ಕ ಕೂತು ನೋಡಿ. ತುಡುವೆ ಜೇನು, ಕೋಲು ಜೇನು ಕೇಸರಗಳ ನಡುವೆ ಬಿದ್ದು ಹೊರಳುತ್ತವೆ. ಕಾಲಿಗೆ ಅಂಟಿಸಿಕೊಂಡ ಉಂಡೆ ಸಾಮಾನ್ಯವಾಗಿ ಹಳದಿ ಇರಬೇಕಲ್ಲ, ಹೊಲದ ಪಾಪ್ಪಿಯದಾದರೆ ಕಪ್ಪಗಿರುತ್ತದೆ. ಆ ಹೊತ್ತಿನಲ್ಲಿ ಕೀಟನಾಶಕದ ಡಬ್ಬಿ ಮುಟ್ಟಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಒಂದು ಹೂವಿನ ಆಯಸ್ಸು ಒಂದು ದಿನ, ಹೆಚ್ಚೆಂದರೆ ಎರಡು. ಮಧ್ಯಾಹ್ನದ ಗಾಳಿಗೆ ಎಸಳು ಉದುರುತ್ತದೆ. ಅದಕ್ಕೆ ಬೇಸರ ಬೇಡ. ಗಿಡ ಒಂದರ ಹಿಂದೊಂದು ಮೊಗ್ಗು ಬಿಡುತ್ತಲೇ ಇರುತ್ತದೆ. ಎಸಳುದುರಿದ ಕೂಡಲೇ ಆ ಕಾಯಿಯನ್ನು ಚಿವುಟಿದರೆ ಮೂರು ನಾಲ್ಕು ವಾರ ಹೂ ನಿಲ್ಲುವುದಿಲ್ಲ. ಹೂದಾನಿಗೆ ಬೇಕೆಂದರೆ ಅರಳಿದ ಹೂ ಕೊಯ್ಯಬೇಡಿ. ತಲೆಯೆತ್ತಿ, ಬಿರುಕು ಬಿಟ್ಟ ಮೊಗ್ಗನ್ನು ಕೊಯ್ಯಿರಿ. ಕೊಯ್ದ ತುದಿಯನ್ನು ಮೋಂಬತ್ತಿಯ ಉರಿಗೆ ಕೆಲವು ಕ್ಷಣ ಹಿಡಿಯಿರಿ. ಹಾಲು ಸೋರುವುದು ನಿಲ್ಲುತ್ತದೆ. ಆಮೇಲೆ ನೀರಿಗಿಡಿ. ಆ ಹಾಲನ್ನಾಗಲಿ, ಎಲೆಯನ್ನಾಗಲಿ ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ದನಕರುಗಳಿಗೂ ಹಾಕಬೇಡಿ.

ಬಿತ್ತಿದೆವು, ಅಗಲಿಸಿದೆವು, ಹೂ ನೋಡಿದೆವು. ಉಳಿದದ್ದು ಮತ್ತೆ ಬೀಜವೇ. ಈ ಭಾಗದಲ್ಲಿ ಒಬ್ಬ ವ್ಯಕ್ತಿಯ ಕಥೆ ಹೇಳಬೇಕು.

ಲಂಡನ್ನಿನ ಪಕ್ಕ ಕ್ರಾಯ್ಡನ್ ಎಂಬ ಊರು. ಅದರ ಬಳಿ ಶರ್ಲಿ. ಅಲ್ಲಿಯ ಇಗರ್ಜಿಯಲ್ಲಿ ವಿಲಿಯಂ ವಿಲ್ಕ್ಸ್ ಎಂಬ ಪಾದ್ರಿ ಇದ್ದರು. 1880ರಲ್ಲಿ ಅವರ ತೋಟದ ಒಂದು ಹಾಳು ಮೂಲೆಯಲ್ಲಿ ಹೊಲದ ಕೆಂಪು ಪಾಪ್ಪಿ ಹಿಂಡಾಗಿ ಬಂದಿತ್ತು. ಬೇರೆ ಯಾರಾದರೂ ಕಿತ್ತೆಸೆಯುತ್ತಿದ್ದರು. ವಿಲ್ಕ್ಸ್ ನಿಂತು ನೋಡಿದರು. ಅಷ್ಟು ಕೆಂಪಿನ ನಡುವೆ ಒಂದೇ ಒಂದು ಹೂವಿನ ಎಸಳಿಗೆ ಸಣ್ಣ ಬಿಳಿ ಅಂಚು ಇತ್ತು. ಆ ಹೂವಿಗೆ ಗುರುತು ಮಾಡಿ, ಅದರ ಬೀಜವನ್ನು ಮಾತ್ರ ತೆಗೆದಿಟ್ಟರು. ಮರುವರ್ಷ ಸುಮಾರು ಇನ್ನೂರು ಗಿಡ ಬಂದವು. ಅದರಲ್ಲಿ ನಾಲ್ಕೈದಕ್ಕೆ ಬಿಳಿ ಅಂಚು. ಉಳಿದವನ್ನು ಬಿಟ್ಟು ಆ ನಾಲ್ಕೈದರ ಬೀಜ ತೆಗೆದರು. ಹೀಗೆ ವರ್ಷ ವರ್ಷ. ಕೆಂಪು ತಿಳಿಯಾಗುತ್ತ ಗುಲಾಬಿ ಬಂತು, ಅದಕ್ಕಿಂತ ತಿಳಿ ಬಣ್ಣ ಬಂತು. ಹೊಲದ ಪಾಪ್ಪಿಯ ನಡುವೆ ಕಪ್ಪು ಮಚ್ಚೆ ಇರುತ್ತದೆ. ಅದನ್ನೂ ಕಳೆದು ಬಿಳಿಯ ನಡು ತಂದರು. ಕಸಿ ಇಲ್ಲ, ಪ್ರಯೋಗಶಾಲೆ ಇಲ್ಲ. ನೋಡುವುದು, ಆರಿಸುವುದು, ಮತ್ತೆ ಬಿತ್ತುವುದು. ಅಷ್ಟೇ. ಆಮೇಲೆ ಅವರು ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಗೆ ಬಹುಕಾಲ ಕಾರ್ಯದರ್ಶಿಯಾಗಿದ್ದರು. ಕೇಳಿದವರಿಗೆಲ್ಲ ಬೀಜವನ್ನು ಪುಕ್ಕಟೆ ಹಂಚಿದರು. ನಾವು ಇಂದು ಪೊಟ್ಟಣದಲ್ಲಿ ಕೊಳ್ಳುವ ಶರ್ಲಿ ಪಾಪ್ಪಿ ಆ ಒಂದು ಹೂವಿನ ಸಂತತಿ.

ಇನ್ನೂರಕ್ಕೆ ನಾಲ್ಕೈದು ಮಾತ್ರ ಏಕೆ? ಈ ಪಾಪ್ಪಿ ತನ್ನದೇ ಪರಾಗದಿಂದ ಬೀಜ ಕಟ್ಟುವುದಿಲ್ಲ. ಬೇರೆ ಗಿಡದ ಪರಾಗವೇ ಆಗಬೇಕು. ಆ ಬಿಳಿ ಅಂಚಿನ ಹೂವಿಗೆ ಜೇನು ತಂದದ್ದು ಸುತ್ತಲಿನ ಮಾಮೂಲಿ ಕೆಂಪು ಹೂಗಳ ಪರಾಗವೇ ಇರಬೇಕು. ನಮಗೂ ಇದರಲ್ಲಿ ಎರಡು ಸೂಚನೆ ಇವೆ. ಕುಂಡದಲ್ಲಿ ಒಂದೇ ಗಿಡ ಇಟ್ಟು ಬೀಜ ಸಿಗಲಿಲ್ಲ ಎನ್ನಬೇಡಿ. ಮೂರು ನಾಲ್ಕು ಗಿಡ ಇರಲಿ. ಮತ್ತೆ, ನಿಮಗೆ ಒಂದು ಬಣ್ಣ ಬಹಳ ಮೆಚ್ಚಿಗೆಯಾದರೆ ಆ ಬಣ್ಣದ ಗಿಡಗಳನ್ನು ಉಳಿಸಿಕೊಂಡು, ಬೇಡದ ಬಣ್ಣದ್ದನ್ನು ಮೊದಲ ಹೂ ಅರಳಿದ ಬೆಳಿಗ್ಗೆಯೇ, ಜೇನು ಬರುವ ಮೊದಲೇ ಕಿತ್ತುಬಿಡಿ. ನಾಲ್ಕು ಚಳಿಗಾಲ ಹೀಗೆ ಮಾಡಿದರೆ ನಿಮ್ಮ ಅಂಗಳಕ್ಕೆ ಒಗ್ಗಿದ, ನಿಮ್ಮ ಆಯ್ಕೆಯ ಪಾಪ್ಪಿ ನಿಮ್ಮ ಕೈಯಲ್ಲಿರುತ್ತದೆ. ನಮ್ಮ ಬಿಸಿಲನ್ನು ಒಂದು ವಾರ ಹೆಚ್ಚು ತಾಳಿದ ಗಿಡ ಕಂಡರೆ ಅದಕ್ಕೆ ಮೊದಲು ದಾರ ಕಟ್ಟಿ. ಬಣ್ಣಕ್ಕಿಂತ ಆ ಗುಣ ನಮಗೆ ದೊಡ್ಡದು.

ಬೀಜ ತೆಗೆಯುವುದು ಸುಲಭ. ಫೆಬ್ರವರಿ ನಡುವಿನಲ್ಲಿ ಕೊನೆಯ ಕೆಲವು ಹೂಗಳ ಕಾಯಿ ಚಿವುಟದೆ ಬಿಡಿ. ಕಾಯಿ ಹೆಬ್ಬೆರಳ ಉಗುರಿನಷ್ಟಿರುತ್ತದೆ. ಮೇಲೆ ಚಪ್ಪಟೆ ಮುಚ್ಚಳ. ಒಣಗಿ ಕಂದುಬಣ್ಣಕ್ಕೆ ತಿರುಗಿದಾಗ ಮುಚ್ಚಳದ ಕೆಳಗೆ ಸುತ್ತಲೂ ಸಣ್ಣ ಕಿಂಡಿಗಳು ತೆರೆಯುತ್ತವೆ. ಗಾಳಿಗೆ ದಂಟು ತೂಗಿದಾಗ ಬೀಜ ಅಲ್ಲಿಂದ ಚೆಲ್ಲುತ್ತದೆ. ಕಿಂಡಿ ತೆರೆಯುವ ಹೊತ್ತಿಗೆ ಕಾಯಿಯನ್ನು ಬಗ್ಗಿಸದೆ, ದಂಟಿನ ಸಮೇತ ಕತ್ತರಿಸಿ, ಕಾಗದದ ಚೀಲದೊಳಗೆ ತಲೆಕೆಳಗು ಮಾಡಿ. ಒಂದು ಕಾಯಿಯಲ್ಲೇ ಸಾವಿರಕ್ಕೂ ಹೆಚ್ಚು ಬೀಜ ಸಿಗಬಹುದು. ಕ್ಯಾಲಿಫೋರ್ನಿಯಾ ಪಾಪ್ಪಿಯದು ಬೇರೆ ಬಗೆ. ಅದರ ಕಾಯಿ ಬೆರಳುದ್ದ, ಸಣಕಲು. ಒಣಗಿದಾಗ ಚಟ್ಟನೆ ಸಿಡಿದು ಬೀಜವನ್ನು ದೂರ ಎಸೆಯುತ್ತದೆ. ಹಳದಿಯಾಗುತ್ತಿದ್ದಂತೆ ಕೊಯ್ದು, ಚೀಲದಲ್ಲಿ ಹಾಕಿ ಬಾಯಿ ಕಟ್ಟಿಡಿ. ಒಳಗೇ ಸಿಡಿಯಲಿ.

ಬೀಜವನ್ನು ನೆರಳಲ್ಲಿ ಒಂದು ವಾರ ಒಣಗಿಸಿ. ಕಾಗದದ ಪೊಟ್ಟಣ ಕಟ್ಟಿ, ಮೇಲೆ ಬಣ್ಣವನ್ನೂ ಇಸವಿಯನ್ನೂ ಬರೆಯಿರಿ. ಅದನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟು ಮಳೆಗಾಲದ ತೇವ ತಾಗದ ಕಡೆ ಇರಿಸಿ. ಅಡುಗೆಮನೆಯ ಗಸಗಸೆ ಡಬ್ಬಿಯ ಪಕ್ಕ ಮಾತ್ರ ಬೇಡ. ನೆರೆಯವರಿಗೆ ಕೊಡುವಾಗ ಬೀಜದ ಜೊತೆ ಮೂರು ಮಾತು ಹೇಳಿ ಕೊಡಿ: ಸ್ವಾತಿ ಮಳೆ ಮುಗಿಯುವಾಗ ಬಿತ್ತಿ, ಮಣ್ಣು ಮುಚ್ಚಬೇಡಿ, ಕಿತ್ತು ನೆಡಬೇಡಿ.